ಎಂಜಿನ್ ಇಳಿಸಿದ ಜೀಪು

ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ಕಾಡುದಾರಿ ಓಡಾಟಕ್ಕೆಂದು ಅಗ್ಗಕ್ಕೆ ಸಿಕ್ಕ ಹಳೇ ಜೀಪು ತಂದೆ. ಅದರ ಯಜಮಾನರು ತೀರಿಕೊಂಡಿದ್ದರು. ಮಾರಿದ್ದು ಅವರ ಮಗ. ಮೆಕ್ಯಾನಿಕ್ ನಮ್ಮ ಶೆಡ್ಡಿನಲ್ಲೇ ಎಂಜಿನ್ ಇಳಿಸಿ, ಹಾರ್ನ್ ಬಿಚ್ಚಿ ಮೇಜಿನ ಮೇಲಿಟ್ಟ.

ಮರುದಿನ ಬೆಳಿಗ್ಗೆ ಬಾನೆಟ್ ಮುಟ್ಟಿದವನೇ ಕೈ ಹಿಂದಕ್ಕೆಳೆದುಕೊಂಡ. "ಸುಡ್ತಿದೆ ಸಾರ್! ಒಳಗೆ ಎಂಜಿನ್ನೇ ಇಲ್ವಲ್ಲ?"

ಬಿಸಿಲಿಗಿರಬೇಕು ಎಂದೆ. ಶೆಡ್ಡಿಗೆ ಬಿಸಿಲು ಬೀಳುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ನಾಲ್ಕನೇ ದಿನ ಮಾರಿದವನ ಫೋನು. "ಅಣ್ಣ, ಬೆಳಗಾಗೆದ್ದು ನಮ್ಮ ಗೇಟ್ ಹತ್ರ ಜೀಪು ತಂದು ಹಾರ್ನ್ ಹೊಡೀಬೇಡಿ. ಅಪ್ಪ ಬಂದ್ರು ಅಂತ ಅಮ್ಮ ಚಪ್ಪಲಿ ಮೆಟ್ಕೊಂಡು ಓಡ್ತಾರೆ."

ಹಾರ್ನ್ ನನ್ನ ಕಣ್ಣೆದುರಿಗೇ ಇತ್ತು.

ಇವತ್ತು ಮತ್ತೆ ಅವನದೇ ಫೋನು. "ಅಣ್ಣ, ಅಮ್ಮ ನಿಮ್ಮ ಜೊತೆ ಬಂದ್ರಾ?"

ಶೆಡ್ಡಿಗೆ ಓಡಿದೆ. ಡ್ರೈವರ್ ಪಕ್ಕದ ಸೀಟಿನ ಕೆಳಗೆ ಹೆಂಗಸರ ಚಪ್ಪಲಿ ಒಂದು ಜೊತೆ ಇತ್ತು.