ಮೂರು ಸೆನ್ಸರ್‌ಗಳ ಮೇಲಿನ ಅಕ್ಷರ

2019ರ ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 9.40. ಬಂದರಿನ ಮುಳುಗುಗಾರನೊಬ್ಬನ ಅಕ್ಕ ಠಾಣೆಗೆ ಬಂದು ದೂರು ಕೊಟ್ಟಳು. ಹಿಂದಿನ ದಿನ ಹಡಗಿನ ತಳ ನೋಡಲು ನೀರಿಗಿಳಿದ ತಮ್ಮ ಹದಿನೈದು ಮೀಟರ್ ಆಳದಲ್ಲಿ ಸೆಟೆದುಕೊಂಡು ಪ್ರಜ್ಞೆ ತಪ್ಪಿದ್ದ. ಇನ್ನೂ ಕಣ್ಣು ಬಿಟ್ಟಿಲ್ಲ.

"ಅವನದೇ ತಪ್ಪು ಅಂತಿದ್ದಾರೆ ಸಾರ್. ಆ ಉಸಿರಾಟದ ಯಂತ್ರ ಯಾರು ನೋಡ್ಕೋತಾರೆ ಅಂತ ಒಬ್ರೂ ಕೇಳ್ತಿಲ್ಲ."

ಬಂದರಿನ ಯಂತ್ರಗಳನ್ನು ನೋಡಿಕೊಳ್ಳುವವರು ಊರೆಲ್ಲ ಮೀಟರ್ ಮೇಷ್ಟ್ರು ಎಂದು ಕರೆಯುವ ಮುದುಕರು ಎಂಬುದು ಇನ್‌ಸ್ಪೆಕ್ಟರಿಗೆ ಗೊತ್ತಿತ್ತು. ಎಫ್‌ಐಆರ್ ಬರೆಯುವಾಗಲೇ ಹಳೆಯ ರಬ್ಬರಿನ ವಾಸನೆ ಮೂಗಿಗೆ ಬಂದಂತಾಯಿತು. ಬಿ.ಎಸ್ಸಿ. ಮುಗಿಸಿದ ವರ್ಷ ಅವರು ಡೈವಿಂಗ್ ಕಲಿತದ್ದು ಆ ಮೇಷ್ಟ್ರ ವರ್ಕ್‌ಶಾಪಿನಲ್ಲೇ. ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಯಂತ್ರಕ್ಕೆ ತಿಳಿಸುವ ಸೆನ್ಸರ್‌ಗಳನ್ನು ಮೇಷ್ಟ್ರು ಮೀಟರಿಗೆ ಹಚ್ಚಿ ಅಳೆಯುತ್ತಿದ್ದರು. ಅವರ ಹೆಂಡತಿ ಪ್ರತಿಯೊಂದರ ಮೇಲೂ ದುಂಡಗೆ ತಾರೀಕು ಬರೆಯುತ್ತಿದ್ದರು. "ಮೀಟರ್ ಹೇಳಿದ್ದು ಬರಿ, ನೀನು ಅಂದ್ಕೊಂಡಿದ್ದಲ್ಲ" ಎಂದು ಮೇಷ್ಟ್ರು ಪೆನ್ಸಿಲಿನಿಂದ ತಲೆಗೆ ಮೊಟಕುತ್ತಿದ್ದರು.

11.15ಕ್ಕೆ ವರ್ಕ್‌ಶಾಪ್. ಅದೇ ಬೆಂಚು, ಒಂದು ಕಾಲು ಗಿಡ್ಡವಾದ ಅದೇ ಸ್ಟೂಲು. ದಫೇದಾರ್ ದಾಖಲೆ ಪುಸ್ತಕ ತೆರೆದ.

"ಏನು ಅಚ್ಚುಕಟ್ಟು ಸಾರ್, ನನ್ನ ಮಗಳ ಕಾಪಿ ಪುಸ್ತಕವೇ."

ಚುಚ್ಚಿದ್ದು ಆ ಅಚ್ಚುಕಟ್ಟೇ. ಸೆನ್ಸರ್ ಗಾಳಿಯಲ್ಲಿ 10.0 ಮಿಲಿವೋಲ್ಟ್, ಶುದ್ಧ ಆಮ್ಲಜನಕದಲ್ಲಿ 47.6. ಗಾಳಿಯಲ್ಲಿ 9.5, ಆಮ್ಲಜನಕದಲ್ಲಿ 45.2. ಎಂಟು ತಿಂಗಳ ಸಾಲುಗಳೆಲ್ಲ ಸರಿಯಾಗಿ 4.76 ಪಟ್ಟು, ಗಾಳಿಯಲ್ಲಿ ಆಮ್ಲಜನಕ ಶೇಕಡ 21 ಎಂಬ ಲೆಕ್ಕಕ್ಕೆ ಬರುವ ಪಟ್ಟು. ನಿಜವಾಗಿ ಅಳೆದ ಅಂಕಿ ಒಂದಿಷ್ಟಾದರೂ ಅತ್ತಿತ್ತ ಹೊರಳುತ್ತದೆ.

"ಆಮ್ಲಜನಕದಲ್ಲಿ ಅಳೆದ್ರಾ ಮೇಷ್ಟ್ರೇ, ಗುಣಿಸಿದ್ರಾ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಗುಣಿಸ್ದೆ ಕಣೋ."

"ಯಾಕೆ?"

"ಅಳೆದಿದ್ರೆ ಹಳೇ ಸೆನ್ಸರ್ ತೆಗೀಬೇಕಾಗ್ತಿತ್ತು."

ಹುಡುಗ ಹಾಕಿಕೊಂಡಿದ್ದ ಯಂತ್ರವನ್ನು ಬಂದರಿನಿಂದ ತರಿಸಿ ಪಂಚರ ಎದುರು ಬಿಚ್ಚಿದರು. ಮೂರೂ ಸೆನ್ಸರ್‌ಗಳ ಮೇಲೆ ಆ ದುಂಡು ಅಕ್ಷರ. ಎರಡು ವರ್ಷದ ಹಿಂದೆ, ತೀರಿಕೊಳ್ಳುವ ಮುಂಚಿನ ವಾರ ಮೇಷ್ಟ್ರ ಹೆಂಡತಿ ಬರೆದದ್ದು. ಹೊಸ ಸೆನ್ಸರ್‌ಗಳು ಕಪಾಟಿನಲ್ಲಿ ಪೊಟ್ಟಣ ಒಡೆಯದೆ ಕೂತಿದ್ದವು.

ಮುದಿ ಸೆನ್ಸರ್ ಗಾಳಿಯಲ್ಲಿ ಸರಿಯಾಗೇ ತೋರಿಸುತ್ತದೆ, ಆಮ್ಲಜನಕ ಏರಿದಾಗ ಕಡಿಮೆ ತೋರಿಸುತ್ತದೆ. ಯಂತ್ರ ಅದನ್ನು ನಂಬಿ ಇನ್ನಷ್ಟು ಆಮ್ಲಜನಕ ತುಂಬಿತ್ತು. ನೀರಿನಾಳದಲ್ಲಿ ಅತಿಯಾದ ಆಮ್ಲಜನಕ ವಿಷ; ಹುಡುಗ ಸೆಟೆದುಕೊಂಡದ್ದು ಅದರಿಂದಲೇ.

"ಬಿಚ್ಚಿ ಮನೇಲಿ ಇಟ್ಕೋಬಹುದಿತ್ತಲ್ಲ ಮೇಷ್ಟ್ರೇ."

"ಬಿಚ್ಚಿಟ್ರೆ ಅವಳ ಕೆಲಸ ಮುಗೀತು ಅಂತ ಆಗ್ತಿತ್ತಲ್ಲೋ." ಮತ್ತೆ ಅಂದರು, "ಹುಡುಗನದೇನೂ ತಪ್ಪಿಲ್ಲ ಅಂತ ಅವನ ಅಕ್ಕನಿಗೆ ಹೇಳು."

ಇನ್‌ಸ್ಪೆಕ್ಟರ್ ತಾವೇ ಆಮ್ಲಜನಕದ ನಳಿಕೆ ಜೋಡಿಸಿದರು. ಕೈ ಏನನ್ನೂ ಮರೆತಿರಲಿಲ್ಲ. ಮೀಟರಿನ ಮುಳ್ಳು ನಿಂತಿತು. ಪೆನ್ನೂ ನಿಂತಿತು.

"ಬರಿ," ಅಂದರು ಮೇಷ್ಟ್ರು.

ಬಂಧನ ಮಧ್ಯಾಹ್ನ 2.20ಕ್ಕೆ. ಪಂಚನಾಮೆಯ ಕೊನೆಯ ಸಾಲು: ಮೂರನೇ ಸೆನ್ಸರ್, ಶುದ್ಧ ಆಮ್ಲಜನಕದಲ್ಲಿ, 31.4 ಮಿಲಿವೋಲ್ಟ್.