ಬೋಳು ಮೂತಿಯ ವಿಮಾನ

ಪುರುಷೋತ್ತಮ ತನ್ನ ವಿಮಾನವನ್ನು ನೋಡಿದವನೇ ಊರುಗೋಲನ್ನು ಗೋಡೆಗೆ ಒರಗಿಸಿ ಜಗಲಿಯ ಅಂಚಿನಲ್ಲಿ ಕೂತುಬಿಟ್ಟ.

"ಇದೆಂತ ಇದು?" ಎಂದು ಕೇಳಿದ.

ಬಾಗಿಲ ಮರೆಯಲ್ಲಿ ನಿಂತಿದ್ದ ಲೋಲಾಕ್ಷಿ ಕತ್ತು ಚಾಚಿ ನೋಡಿದಳು. ಹಿಂದಿನ ವಾರ ಅವನು ಬಂದು ಅವಳ ಅಪ್ಪ ಉಗ್ಗಪ್ಪನ ಕೈಗೆ ಕೊಟ್ಟುಹೋದದ್ದು ಹಾಲೆಮರದಲ್ಲಿ ಕೆತ್ತಿದ, ಮೊಳದುದ್ದದ ಜೆಟ್ ವಿಮಾನ. "ಬೆಳ್ಳಿ ಬೇಗಡೆ ಹಚ್ಚಿ ಕೊಡಿ" ಎಂದಷ್ಟೇ ಹೇಳಿದ್ದ. ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನು ಹಗುರ ಮರದಲ್ಲಿ ಮಾಡಿ, ಮೇಲೆ ಬೇಗಡೆಯ ತೆಳು ಹಾಳೆ ಅಂಟಿಸಿ ಚಿನ್ನ ಬೆಳ್ಳಿಯಂತೆ ಹೊಳೆಯಿಸುವುದು ಆ ಮನೆಯ ಕಸುಬು. ಉಪ್ಪಳ ಪೇಟೆಯ ಹಿಂದೆ, ರೈಲುಹಳಿಯ ಬದಿಯಲ್ಲಿರುವ ಆ ಮನೆಗೆ ಯಕ್ಷಗಾನ ಮೇಳದ ಸಾಮಾನಲ್ಲದ ಕೆಲಸ ಬಂದದ್ದು ಅದೇ ಮೊದಲು. ಲೋಲಾಕ್ಷಿ ಮನಸ್ಸಿಟ್ಟು ಮಾಡಿದ್ದಳು. ರೆಕ್ಕೆಗಳ ಅಂಚಿಗೆ ಕೆಂಪು ಪಟ್ಟಿ, ಬೆನ್ನಿನ ಮೇಲೆ ಹಸಿರು ಹೂಬಳ್ಳಿ, ಮೂತಿಯ ಸುತ್ತ ಕನ್ನಡಿ ಚೂರು, ಬಾಲಕ್ಕೆ ಉಲ್ಲನ್ನಿನ ಗೊಂಡೆ.

"ಚಂದ ಆಗಲಿಲ್ವಾ?" ಎಂದಳು ಅವಳು, ಬಾಗಿಲ ಮರೆಯಿಂದಲೇ.

"ಚಂದ ಉಂಟು. ಆದ್ರೆ ಇದು ತೂಫಾನಿ ಜೆಟ್. ಅಂಬಾಲದಲ್ಲಿ ಏರ್‌ಫೋರ್ಸಿನವರು ಹಾರಿಸುವಂಥದ್ದು. ಇದಕ್ಕೆ ಗೊಂಡೆ ಕಟ್ಟಿದ್ದು ಗೊತ್ತಾದ್ರೆ ನಮ್ಮ ಆಫೀಸರ್ ನನ್ನನ್ನೇ ಬಾಲಕ್ಕೆ ಕಟ್ಟಿ ಹಾರಿಸಿಯಾರು."

"ಬರೀ ಬೆಳ್ಳಿ ಹಚ್ಚಿ ಬಿಟ್ರೆ ಕೆಲಸ ಅರ್ಧಕ್ಕೇ ನಿಂತ ಹಾಗೆ ಕಾಣ್ತದೆ. ಅರ್ಧ ಕೆಲಸದ ಸಾಮಾನು ನಮ್ಮ ಹೊಸ್ತಿಲು ದಾಟ್ಲಿಕ್ಕಿಲ್ಲ. ಅಜ್ಜನ ಕಾಲದಿಂದ ಉಂಟು ಆ ಕ್ರಮ."

"ದಾಟಿದ್ರೆ?"

"ಹಾಕಿಕೊಂಡವರಿಗೆ ಒಳ್ಳೇದಲ್ಲ."

ಅವನು ವಿಮಾನವನ್ನೆತ್ತಿ, ಗೊಂಡೆ ಅಲ್ಲಾಡಿಸಿ, ಬಿದ್ದು ಬಿದ್ದು ನಕ್ಕ. ಹುಡುಗಿ ಬೇಜಾರು ಮಾಡಿಕೊಂಡಾಳೆಂದು ನಡುವೆ ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಬಾಗಿಲ ಮರೆಯಲ್ಲಿ ಲೋಲಾಕ್ಷಿಗೂ ನಗು ಬಂತು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಇಬ್ಬರು ಒಟ್ಟಿಗೆ ನಕ್ಕದ್ದು ಯಾವಾಗ ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ನೆನಪು ಮಾಡಿಕೊಳ್ಳುವುದು ಕಷ್ಟವಿತ್ತು.

*

ಹೀಗೆ ಮಾಡಿದ ಕೆಲಸವನ್ನೆಲ್ಲ ಕಿತ್ತು ಮತ್ತೆ ಮಾಡುವುದು ಎಂದಾಯಿತು.

ಪುರುಷೋತ್ತಮ ಏರ್‌ಫೋರ್ಸಿನಲ್ಲಿ ವಿಮಾನ ಹಾರಿಸುವವನಲ್ಲ, ವಿಮಾನದ ಮೈ ರಿಪೇರಿ ಮಾಡುವ ಫಿಟ್ಟರ್. ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು, ರಜೆಯ ಮೇಲೆ ಉಪ್ಪಳದ ಅಕ್ಕ ಸತ್ಯವತಿಯ ಮನೆಗೆ ಬಂದಿದ್ದ. ಕಾಲು ಚಾಚಿ ಕೂತಲ್ಲೇ ಈ ವಿಮಾನ ಕೆತ್ತಿದ್ದ. "ನಮ್ಮ ಆಫೀಸರಿಗೆ ವರ್ಗ ಆಗಿದೆ, ಅವರಿಗೆ ಕೊಡ್ಲಿಕ್ಕೆ" ಎಂದು ಉಗ್ಗಪ್ಪನಿಗೆ ಹೇಳಿದ.

"ಇದಕ್ಕೆ ಪಂಖವೇ ಇಲ್ವಲ್ಲ ಮಾರಾಯ, ಹಾರುದು ಹೇಗೆ?" ಎಂದ ಉಗ್ಗಪ್ಪ, ವಿಮಾನವನ್ನು ತಿರುಗಿಸಿ ನೋಡಿ. ತಿರುಗಿಸುವಾಗ ಅವನ ಕೈ ಗಡಗಡ ನಡುಗುತ್ತಿತ್ತು.

"ಮೂತಿಯಲ್ಲಿ ತೂತು ಉಂಟಲ್ಲ, ಅದರಿಂದ ಗಾಳಿ ಎಳ್ಕೊಂಡು ಹಿಂದಿನಿಂದ ಬೆಂಕಿ ಬಿಡ್ತದೆ."

"ನಮ್ಮ ಮೇಳದ ಬಣ್ಣದ ವೇಷದ ರಾಕ್ಷಸನ ಹಾಗೆಯೇ," ಎಂದು ಉಗ್ಗಪ್ಪ ಚಾಪೆಯ ಮೇಲೆ ಅಡ್ಡಾದ. ಊಟವಾದ ಮೇಲೆ ಅವನಿಗೆ ನಿದ್ದೆ ಬೇಗ ಬರುತ್ತಿತ್ತು. ಬಾರದಿದ್ದರೂ ಆ ದಿನಗಳಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ ಎಂದು ನನ್ನ ಗುಮಾನಿ.

ಅದು ಮಳೆಗಾಲದ ಆಟಿ ತಿಂಗಳು. ಮೇಳಗಳೆಲ್ಲ ಆಟ ನಿಲ್ಲಿಸಿ ಗೆಜ್ಜೆ ಬಿಚ್ಚಿಟ್ಟಿದ್ದವು; ಹಳೆಯ ಕಿರೀಟಗಳು ದುರಸ್ತಿಗೆಂದು ಬಂದು ಜಗಲಿಯ ತುಂಬ ಸಾಲಾಗಿ ಕೂತಿದ್ದವು. ಪುರುಷೋತ್ತಮ ಮಧ್ಯಾಹ್ನ ಕುಂಟುತ್ತ ಬಂದು ಅವುಗಳ ನಡುವೆ ಜಾಗ ಮಾಡಿಕೊಂಡು ಕೂರುತ್ತಿದ್ದ. ಬೇಲಿಯಾಚೆಯಿಂದ ನೆರೆಮನೆಯ ಕಿನ್ನಿ ಇಣುಕುತ್ತಿದ್ದಳು. ಕಿನ್ನಿಗೆ ಚಿಕ್ಕ ಪ್ರಾಯದಲ್ಲೇ ಗಂಡ ತೀರಿಹೋಗಿದ್ದ, ನಾಲಗೆ ಮಾತ್ರ ಚುರುಕಾಗಿಯೇ ಉಳಿದಿತ್ತು.

"ಅಕ್ಕಾ, ಈ ವರ್ಷ ಇಂದ್ರನ ವೇಷ ಜೀವಂತವೇ ಬಂದು ಕೂತಿದೆಯಲ್ಲ!" ಎನ್ನುತ್ತಿದ್ದಳು.

"ನಿನ್ನ ಒಲೆಯಲ್ಲಿ ಗಂಜಿ ಉಕ್ಕುತ್ತಾ ಉಂಟು, ಹೋಗು," ಎನ್ನುತ್ತಿದ್ದಳು ಲೋಲಾಕ್ಷಿ. ಅವಳ ಕಿವಿ ಮಾತ್ರ ಕೆಂಪಾಗುತ್ತಿತ್ತು.

ಬಿಸಿನೀರಿನ ಬಟ್ಟೆ ಇಟ್ಟು ಅಂಟು ಸಡಿಲಿಸಿ, ಹಳೆಯ ಬೇಗಡೆ ತೆಗೆದರು. ಗರಗತ್ತಿ ಮರದ ದೊರಗು ಎಲೆಯಿಂದ ಅವನು ಮರವನ್ನು ತಿಕ್ಕಿದ. ಕಿತ್ತ ಕನ್ನಡಿ ಚೂರುಗಳನ್ನು ಅವಳು ತೊಳೆದು ತೆಂಗಿನ ಚಿಪ್ಪಿನಲ್ಲಿ ಹಾಕಿಟ್ಟಳು.

"ಇಡೀ ಮೈಗೆ ಒಂದೇ ಹಾಳೆ ಸುತ್ತಬಾರದು," ಎಂದ ಅವನು. "ನಿಜವಾದ ವಿಮಾನದ ಮೈ ಎಂದರೆ ತುಂಡು ತುಂಡು ತಗಡು. ಒಂದು ತುಂಡಿನ ಹೊಳಪು ಇನ್ನೊಂದಕ್ಕೆ ಇಲ್ಲ. ಬೇರೆಯವರಿಗೆ ಅದು ಕಾಣುದಿಲ್ಲ. ದಿನಾ ಒರೆಸುವವನಿಗೆ ಕಾಣ್ತದೆ."

ಲೋಲಾಕ್ಷಿ ಕತ್ತರಿ ತೆಗೆದುಕೊಂಡಳು. ಬೇಗಡೆಯನ್ನು ಚೌಕ ಚೌಕವಾಗಿ ಕತ್ತರಿಸಿದಳು. ಒಂದನ್ನು ಅಂಟಿಸಿ, ಕವಡೆಯ ಬೆನ್ನಿನಿಂದ ಉದ್ದಕ್ಕೆ ತಿಕ್ಕಿದಳು. ಪಕ್ಕದ್ದನ್ನು ಅಡ್ಡಕ್ಕೆ ತಿಕ್ಕಿದಳು. ಒಂದೇ ಹಾಳೆಯ ತುಂಡುಗಳು ಎರಡು ಬಣ್ಣವಾಗಿ ಕಂಡವು.

ಅವನು ಬಾಯಿ ಬಿಟ್ಟುಕೊಂಡು ನೋಡಿದ. "ಇದೇ! ಇದು ಹೇಗೆ ಮಾಡಿದ್ರಿ?"

"ನೊಣ ಹೋದೀತು, ಬಾಯಿ ಮುಚ್ಚಿ," ಎಂದಳು ಅವಳು. ಹೇಳಿದ ಮೇಲೆ ತನ್ನ ಧೈರ್ಯಕ್ಕೆ ತಾನೇ ಬೆರಗಾದಳು.

ಹೊಲಿಗೆ ಸೂಜಿಯ ತುದಿಯಿಂದ ತಗಡಿನ ರಿವೆಟ್ಟುಗಳನ್ನು ಚುಚ್ಚುವ ಕೆಲಸ ಅವನದು. ಇಬ್ಬರೂ ಒಂದೇ ರೆಕ್ಕೆಯ ಮೇಲೆ ಬಗ್ಗಿದಾಗ ತಲೆಗೆ ತಲೆ ತಾಗದಂತೆ ಎಚ್ಚರ ವಹಿಸುತ್ತಿದ್ದರು. ಆ ಎಚ್ಚರವೇ ಅವಳಿಗೆ ಆಯಾಸ ತರುತ್ತಿತ್ತು. ಅವನು ಎದ್ದು ಹೋದ ಮೇಲೆ ಮನೆ ಮೊದಲಿಗಿಂತ ದೊಡ್ಡದಾದಂತೆ, ಸಂಜೆ ಮೊದಲಿಗಿಂತ ಉದ್ದವಾದಂತೆ ಅನಿಸುತ್ತಿತ್ತು. ಮೊದಲು ಒಂಟಿತನ ಇರಲಿಲ್ಲವೆಂದಲ್ಲ. ಇದೆಯೆಂದು ಗೊತ್ತಿರಲಿಲ್ಲ, ಅಷ್ಟೆ.

*

ಕೆಲಸ ಸರಿಯಾಯಿತೋ ಇಲ್ಲವೋ ನೋಡಬೇಕಾದರೆ ಆ ಮನೆಯಲ್ಲಿ ಹಾಡುಹಗಲಲ್ಲೇ ಕಿಟಕಿ ಮುಚ್ಚಿ ದೀಪ ಹಚ್ಚುವ ಪದ್ಧತಿ. ರಂಗಸ್ಥಳದಲ್ಲಿ ಕಿರೀಟ ಹೊಳೆಯಬೇಕಾದದ್ದು ದೀಪಕ್ಕೆ ತಾನೆ? ಲೋಲಾಕ್ಷಿ ವಿಮಾನವನ್ನು ಒಳಕೋಣೆಗೆ ಒಯ್ದು ದೀಪದ ಮುಂದೆ ಹಿಡಿದಳು. ಬಾಗಿಲಲ್ಲಿ ನಿಂತು ನೋಡಿದ ಪುರುಷೋತ್ತಮ, "ವಿಮಾನ ಹಾರುದು ಬಿಸಿಲಲ್ಲಿ. ಅಂಗಳಕ್ಕೆ ತನ್ನಿ," ಎಂದ.

ಮಳೆ ಬಿಟ್ಟು ಎಳೆಬಿಸಿಲು ಬಿದ್ದಿತ್ತು. ಅವಳು ವಿಮಾನವನ್ನು ಎರಡು ಕೈಯಲ್ಲೂ ಎತ್ತಿ ಹಿಡಿದಳು. ಹೊಟ್ಟೆಯ ಅಡಿಯಲ್ಲಿ ಸುಕ್ಕು, ಬಾಲದ ಬುಡದಲ್ಲಿ ಅಂಟಿನ ಗುಳ್ಳೆ, ದೀಪಕ್ಕೆ ಕಾಣದಿದ್ದದ್ದೆಲ್ಲ ಕಂಡಿತು.

"ಅಯ್ಯೋ, ಎಷ್ಟು ತಪ್ಪು!" ಎಂದು ತಿರುಗಿದರೆ, ಅವನು ವಿಮಾನ ನೋಡುತ್ತಲೇ ಇರಲಿಲ್ಲ. ಅವಳ ಹಣೆಯ ಬೆವರಿಗೆ ಅಂಟಿಕೊಂಡಿದ್ದ ಒಂದು ಚೂರು ಬೇಗಡೆಯನ್ನು ನೋಡುತ್ತಿದ್ದ. ಅವಳು ನೋಡಿದ್ದು ಕಂಡು ಅವಸರದಿಂದ ಆಕಾಶ ನೋಡಿದ. ಆಕಾಶದಲ್ಲಿ ಎಂತದೂ ಇರಲಿಲ್ಲ.

"ಒಂದು ಕೇಳ್ತೇನೆ, ಸಿಟ್ಟು ಮಾಡ್ಬೇಡಿ," ಎಂದ ಮೆಲ್ಲನೆ. "ಈ ಕಿರೀಟಗಳನ್ನೆಲ್ಲ ಮಾಡುದು ನೀವೇ ಅಲ್ವಾ?"

ಅವಳ ಕೈಯಿಂದ ವಿಮಾನ ಜಾರುವುದರಲ್ಲಿತ್ತು. ಅಪ್ಪನಿಗೆ ಕೈನಡುಕ ಬಂದಂದಿನಿಂದ ಆ ಮನೆಯ ಕೆಲಸವೆಲ್ಲ ಅವಳದೇ. ಮೇಳದವರು "ಉಗ್ಗಪ್ಪಣ್ಣನ ಕೈ ಅಂದ್ರೆ ಕೈ" ಎಂದು ಹೊಗಳಿ ಒಯ್ಯುತ್ತಿದ್ದರು. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ, ಕೈಯನ್ನು ಶಾಲಿನೊಳಗೆ ಇಟ್ಟುಕೊಂಡು. ತಾನು ಮದುವೆಯಾಗಿ ಹೋದರೆ ಆ ಹೆಸರೂ ಹೋಗುತ್ತದೆ ಎಂದೇ ಅವಳು ಬಂದ ಸಂಬಂಧಗಳನ್ನೆಲ್ಲ ಏನೋ ಒಂದು ನೆವ ಹೇಳಿ ಹಿಂದಕ್ಕೆ ಕಳಿಸಿದ್ದಳು.

"ಯಾರಿಗೂ ಹೇಳ್ಬೇಡಿ," ಎಂದಳು.

"ಹೇಳುದಿಲ್ಲ." ಅವನು ಊರುಗೋಲಿನಿಂದ ನೆಲ ಕೆರೆದ. "ನನ್ನದೊಂದು ಸುಳ್ಳು ಉಂಟು, ಅದನ್ನೂ ಕೇಳಿ. ಆಫೀಸರಿಗೆ ವರ್ಗವೂ ಇಲ್ಲ, ಮಣ್ಣೂ ಇಲ್ಲ. ಇದನ್ನು ಕೊಡ್ಲಿಕ್ಕೆ ನನಗೆ ಯಾರೂ ಇಲ್ಲ. ಅಲ್ಲಿ ನಾನು ದಿನಾ ಒರೆಸುವ ವಿಮಾನ ಇದು. ಒರೆಸುವಾಗ ಅದರ ಹತ್ರ ನಮ್ಮ ಭಾಷೆ ಮಾತಾಡ್ತೇನೆ. ಬೇರೆ ಯಾರ ಹತ್ರ ಮಾತಾಡುದು? ಇಲ್ಲಿ ಬಂದ ಮೇಲೆ ಅದಿಲ್ಲದೆ ಬೇಜಾರಾಯ್ತು. ಕೆತ್ತಿದೆ."

ಲೋಲಾಕ್ಷಿಗೆ ಅಳು ಬಂತು. ಅವನಿಗಾಗಿಯೋ ತನಗಾಗಿಯೋ ಎಂದು ಅವಳಿಗೇ ತಿಳಿಯಲಿಲ್ಲ. "ಅದು ತಿರುಗಿ ಮಾತಾಡ್ತದಾ?" ಎಂದು ಕೇಳಿದಳು.

"ಇಲ್ಲ. ನೀವು ಮಾತಾಡ್ತೀರಿ."

ಆಮೇಲೆ ಇಬ್ಬರೂ ಸುಕ್ಕು ತೆಗೆಯುವುದರಲ್ಲಿ ಬಹಳ ಮಗ್ನರಾದಂತೆ ತೋರಿಸಿಕೊಂಡರು.

*

ಕಾಲು ನೆಟ್ಟಗಾಗಿ ಊರುಗೋಲು ಬಿಟ್ಟುಹೋದದ್ದು ಲೋಲಾಕ್ಷಿಗೆ ಸಂತೋಷ ತರಲಿಲ್ಲ. ಹೊರಡುವ ದಿನ ಅವನು ಯೂನಿಫಾರ್ಮಿನಲ್ಲಿ ಬಂದ. ಟ್ರಂಕು ಆಗಲೇ ಸ್ಟೇಷನ್ನಿಗೆ ಹೋಗಿತ್ತು. ಬೇಲಿಯಾಚೆ ಕಿನ್ನಿ ಕೂಡ ಆ ದಿನ ಚೇಷ್ಟೆ ಮಾಡಲಿಲ್ಲ.

ವಿಮಾನ ಸಿದ್ಧವಾಗಿ ಮಣೆಯ ಮೇಲಿತ್ತು. ಹೂವಿಲ್ಲ, ಗೊಂಡೆಯಿಲ್ಲ. ಮೂತಿಯ ತೂತಿನ ಅಂಚಿನಿಂದ ಬಾಲದವರೆಗೆ ಬೆಳ್ಳಿ, ತುಂಡು ತುಂಡಿಗೂ ಬೇರೆ ಹೊಳಪು. ಬರೀ ಬೆಳ್ಳಿಯೂ ಪೂರ್ತಿ ಕೆಲಸವಾಗಬಹುದೆಂದು ಅವಳಿಗೆ ಈಗ ಗೊತ್ತಾಗಿತ್ತು.

"ಈಗ ಹೊಸ್ತಿಲು ದಾಟಬಹುದು," ಎಂದಳು.

ಅವನು ವಿಮಾನ ಮುಟ್ಟಲಿಲ್ಲ. "ನೀವು?" ಎಂದ.

"ನಾನೆಂತ?"

"ನೀವು ಹೊಸ್ತಿಲು ದಾಟಿ ನನ್ನೊಟ್ಟಿಗೆ ಬರ್ತೀರಾ? ಇವತ್ತಲ್ಲ. ಅಕ್ಕ ಬಂದು ಕ್ರಮಪ್ರಕಾರ ಕೇಳ್ತಾಳೆ. ಆದ್ರೆ ನಿಮ್ಮ ಬಾಯಿಂದ ಮೊದಲು ಕೇಳ್ಬೇಕು ನನಗೆ. ನೀವಂದ್ರೆ ನನಗೆ ಇಷ್ಟ. ಹೇಳ್ಲಿಕ್ಕೆ ಬೇರೆ ಮಾತು ಗೊತ್ತಿಲ್ಲ."

ಆ ಮಾತಿಗಾಗಿ ಅವಳು ಎಷ್ಟು ಕಾದಿದ್ದಳೆಂದರೆ, ಬಂದಾಗ ಮೈಯೆಲ್ಲ ಹಗುರಾಯಿತು. ಮರುಕ್ಷಣ ಚಾಪೆಯ ಕಡೆ ನೋಡಿದಳು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಶಾಲಿನಿಂದ ಹೊರಬಿದ್ದ ಕೈ ನಿದ್ದೆಯಲ್ಲೂ ನಡುಗುತ್ತಿತ್ತು.

"ಇಷ್ಟ ನನಗೂ ಉಂಟು," ಎಂದಳು, ತುಟಿ ಕಚ್ಚಿ. "ಆದ್ರೆ ದೀಪಾವಳಿಗೆ ಮೇಳದವರು ಬರ್ತಾರೆ. ಈ ಕಿರೀಟ ಅಷ್ಟೂ ಆಗ್ಬೇಕು. ಬರುವ ವರ್ಷವೂ ಆಗ್ಬೇಕು. ಆ ಕೈಯನ್ನು ಬಿಟ್ಟು ನಾನು ಹೇಗೆ ಬರ್ಲಿ? ನೀವು ಇದನ್ನು ತೆಗೊಂಡು ಹೋಗಿ. ಕಾಯ್ಬೇಡಿ."

ಅವನು ವಿಮಾನ ಎತ್ತಿಕೊಂಡು ರೆಕ್ಕೆಯನ್ನು ಒಮ್ಮೆ ಅಂಗೈಯಿಂದ ಒರೆಸಿದ. ಆಮೇಲೆ ಮೂತಿಯ ಅಂಚಿಗೆ ಹೆಬ್ಬೆರಳ ಉಗುರು ಕೊಟ್ಟು, ಬೇಗಡೆಯನ್ನು ಸುತ್ತಲೂ ಮೆಲ್ಲಗೆ ಸುಲಿದುಬಿಟ್ಟ. ಹಾಲೆಮರ ಬೆಳ್ಳಗೆ ಕಂಡಿತು.

"ಎಂತ ಮಾಡಿದ್ರಿ!" ಎಂದಳು ಅವಳು.

"ಅರ್ಧ ಕೆಲಸದ ಸಾಮಾನು ಈ ಹೊಸ್ತಿಲು ದಾಟ್ಲಿಕ್ಕಿಲ್ಲ ಅಲ್ವಾ?"

"ಇಲ್ಲ."

"ಹಾಗಾದ್ರೆ ಇಲ್ಲಿಯೇ ಇರ್ಲಿ." ವಿಮಾನವನ್ನು ಮಣೆಯ ಮೇಲಿಟ್ಟ. ಸುಲಿದ ಬೇಗಡೆಯನ್ನು ಮಡಿಸಿ ಎದೆಯ ಜೇಬಿಗೆ ಹಾಕಿಕೊಂಡ. "ಮೂತಿಗೆ ಬೇಗಡೆ ಹಚ್ಚಿದ ದಿನ ನನ್ನದನ್ನು ನಾನು ತೆಗೊಂಡು ಹೋಗ್ತೇನೆ. ಅದುವರೆಗೆ ರಜೆ ಸಿಕ್ಕಿದಾಗೆಲ್ಲ ಬಂದು ಕೇಳ್ತೇನೆ."

ಹಳಿಯ ಬದಿಯ ಮನೆಯಾದ್ದರಿಂದ ರೈಲು ಹೋದದ್ದು ಅವಳಿಗೆ ಚೆನ್ನಾಗಿ ಕೇಳಿಸಿತು. ದಿನವೂ ಹೋಗುವ ರೈಲೇ. ಅಂದು ಅದು ಹೋದ ಮೇಲೂ ಬಹಳ ಹೊತ್ತು ಜಗಲಿಯ ಕಿರೀಟಗಳು ಅಲುಗಿದಂತೆ ಅನಿಸಿತು.

*

ಆಟಿಯ ಮುಂದಿನ ಸೋಣ ತಿಂಗಳೂ ಕಳೆಯಿತು. ಲೋಲಾಕ್ಷಿ ಕಿರೀಟಗಳ ನಡುವೆ ಒಬ್ಬಳೇ ಕೂತು ಕವಡೆ ತಿಕ್ಕಿದಳು. ಮಾತಾಡಬೇಕೆನಿಸಿದಾಗ ವಿಮಾನದ ಹತ್ತಿರ ಮಾತಾಡಿದಳು. ಅಪ್ಪ ಕೇಳಿಸಿಕೊಂಡಿರಬಹುದೆಂದು ಅವಳಿಗೆ ಹೊಳೆಯಲಿಲ್ಲ. ಕೆಲವು ಮಧ್ಯಾಹ್ನ ಮೂತಿಯ ಅಳತೆಗೆ ಬೇಗಡೆ ಕತ್ತರಿಸುತ್ತಿದ್ದಳು. ಹಚ್ಚಿದರೆ ಅವನೊಟ್ಟಿಗೆ ಹೊರಟುಹೋಗಬೇಕು. ಹಚ್ಚದಿದ್ದರೆ ಅವನು ಬರುವುದು, ಕೇಳುವುದು, ಹೋಗುವುದು, ಅದೇ ಆದೀತು. ಕತ್ತರಿಸಿದ ತುಂಡನ್ನು ಕಿರೀಟಕ್ಕೇ ಹಚ್ಚಿಬಿಡುತ್ತಿದ್ದಳು.

ದೀಪಾವಳಿಗೆ ಮೇಳದ ಯಜಮಾನ ಮಹಾಗಣಪತಿ ಭಟ್ಟರು ಬಂದು, ಸಾಲು ಕಿರೀಟ ನೋಡಿ, "ಉಗ್ಗಪ್ಪಾ, ನಿನ್ನ ಕೈ ಅಂದ್ರೆ ಕೈ!" ಎಂದರು.

ಉಗ್ಗಪ್ಪ ಈ ಸಲ ತಲೆ ತಗ್ಗಿಸಲಿಲ್ಲ. ಶಾಲಿನಿಂದ ಎರಡೂ ಕೈ ಹೊರಗೆ ತೆಗೆದು ಅವರ ಮುಂದೆ ಚಾಚಿದ. ಕೈಗಳು ನಡುಗುತ್ತಿದ್ದವು.

"ನೋಡಿ ಭಟ್ರೇ, ಈ ಕೈಯಲ್ಲಿ ಇದು ಆಗ್ತದಾ? ಇದೆಲ್ಲ ನನ್ನ ಮಗಳದ್ದು. ಸುಮಾರು ವರ್ಷದಿಂದ ಅವಳದ್ದೇ."

ಭಟ್ಟರು ಕೈಗಳನ್ನು ನೋಡಿದರು, ಬಾಗಿಲ ಬಳಿ ನಿಂತಿದ್ದ ಲೋಲಾಕ್ಷಿಯನ್ನು ನೋಡಿದರು. ಕಿರೀಟವೊಂದನ್ನೆತ್ತಿ ಬೆಳಕಿಗೆ ಹಿಡಿದರು. "ಹಾಗಾದ್ರೆ ಇಷ್ಟು ವರ್ಷ ಹೊಗಳಿದ್ದನ್ನೆಲ್ಲ ಈಚೆ ತಿರುಗಿಸ್ಬೇಕಾಯ್ತು," ಎಂದು ನಕ್ಕು, ಎಲೆಯಡಿಕೆ ಹಾಕಿಕೊಂಡು, ಕಿರೀಟಗಳನ್ನು ಹೊರಿಸಿಕೊಂಡು ಹೋದರು.

ಜಗಲಿ ಖಾಲಿಯಾಯಿತು. ಮಣೆಯ ಮೇಲೆ ವಿಮಾನವೊಂದೇ ಉಳಿಯಿತು.

"ಅಪ್ಪಾ, ಯಾಕೆ ಹೇಳಿದ್ರಿ?" ಎಂದಳು ಲೋಲಾಕ್ಷಿ.

"ನೀನು ಅದರ ಹತ್ರ ಹೇಳುದನ್ನೆಲ್ಲ ಕೇಳಿ ಕೇಳಿ ಸಾಕಾಯ್ತು ಮಗಾ. ನನ್ನ ಕೈ ನಡುಗುದು, ಕಿವಿ ಸರಿ ಉಂಟು." ಉಗ್ಗಪ್ಪ ಬೇಲಿಯ ಕಡೆ ತಿರುಗಿ ಕೂಗಿದ. "ಕಿನ್ನೀ, ನಾಳೆ ಬೆಳಿಗ್ಗೆ ಬಾ. ಅಂಟು ಕಾಯಿಸ್ಲಿಕ್ಕೆ ಕಲಿ. ಬಾಯಿ ನನ್ನದು, ಕೈ ನಿನ್ನದು."

"ಬರ್ತೇನೆ ಮಾವಾ!" ಎಂದಳು ಕಿನ್ನಿ. ಅವಳು ಹೇಗೂ ಬೇಲಿಯ ಹತ್ತಿರವೇ ಇದ್ದಳು.

ಉಗ್ಗಪ್ಪ ವಿಮಾನದ ಬೋಳು ಮೂತಿಯನ್ನು ತೋರಿಸಿ, "ಈಗ ಅದಕ್ಕೊಂದು ತುಂಡು ಹಚ್ಚಿ ಬಿಡು. ನೋಡ್ಲಿಕ್ಕೆ ಆಗುದಿಲ್ಲ," ಎಂದ.

ಪೆಟ್ಟಿಗೆಯಲ್ಲಿ ಮೇಳದವರು ತಂದುಕೊಟ್ಟ ಹೊಸ ಬೇಗಡೆ ಕಟ್ಟುಕಟ್ಟಾಗಿ ಇತ್ತು. ಲೋಲಾಕ್ಷಿ ಅದರ ಮುಚ್ಚಳ ಹಾಕಿ ಮೇಲೆ ಕೂತಳು.

"ಆ ತುಂಡು ಅವರ ಜೇಬಿನಲ್ಲಿ ಉಂಟಪ್ಪ," ಎಂದಳು. "ಅವರೇ ತರ್ಲಿ."