ಮೂರನೆಯ ಕಾಲಂ

ಬುಧವಾರ ಬೆಳಿಗ್ಗೆ ನಾರಿನ್ ಪಟ್ಟಣದ ಪೊಲೀಸ್ ಠಾಣೆಗೆ ಬಂದ ಮುದುಕ ಒಸ್ಮೋನ್ ಕುದುರೆಯ ಮೇಲಿಂದಲೇ ದೂರು ಹೇಳತೊಡಗಿದ. ಎಫ್‌ಐಆರ್‌ಗೆ ಸಹಿ ಬೇಕೆಂದು ಇನ್‌ಸ್ಪೆಕ್ಟರ್ ಬುರುಲ್ ಶಾರ್ಶೆನೋವಾ ಹೇಳಿದಾಗಷ್ಟೇ ಇಳಿದ. ಕುದುರೆ ತಳಿ ಕೇಂದ್ರದ ಓಟದ ಸ್ಥಾನಪಟ್ಟಿಯಲ್ಲಿ ಅವನ ಗಂಡುಕುದುರೆ ಕೊಕ್‌ಜಾಲ್ ಕೊನೆಗೆ ಬಿದ್ದಿತ್ತು. ಕೊನೆಯದರ ಬೀಜ ಒಡೆಸುವುದು ಕೇಂದ್ರದ ನಿಯಮ. ವೈದ್ಯರು ಮರುದಿನವೇ ಬರುವವರಿದ್ದರು.

"ಓಟದಲ್ಲಿ ಉಳಿದವರು ಅದರ ಬಾಲ ಬಿಟ್ಟು ಬೇರೇನೂ ನೋಡಿಲ್ಲ ಮಗಳೇ. ಕೊನೆ ಅಂತೆ! ಯಾವ ಕಡೆಯಿಂದ ಎಣಿಸಿದ್ರಂತೆ?"

ಕೇಂದ್ರದ ಸಂಖ್ಯಾಶಾಸ್ತ್ರಜ್ಞ ಜೊಲ್ದೋಶ್ ಕಂಪ್ಯೂಟರಿನಲ್ಲಿ ಡೇಟಾ ಫ್ರೇಮ್ ಎಂಬ ಕೋಷ್ಟಕ ತೆರೆದು ತೋರಿಸಿದ. ಸಾಲಿಗೊಂದು ಕುದುರೆ, ಕಾಲಂಗೊಂದು ಗುಣ. ಕಾನ್‌ಸ್ಟೇಬಲ್ ಕಚ್ಕಿನ್ ಓಟದ ಅಂಕಿಗಳನ್ನೆಲ್ಲ ತಾಳೆ ನೋಡಿದ. ಒಂದನ್ನೂ ಯಾರೂ ಮುಟ್ಟಿರಲಿಲ್ಲ.

ಬುರುಲ್ ಪ್ರೋಗ್ರಾಮನ್ನೇ ಸಾಲುಸಾಲಾಗಿ ಓದಿಸಿದಳು. ಹಿಂದೆ ಈ ಕೆಲಸದಲ್ಲಿದ್ದವರು ಬರೆದಿಟ್ಟ ಸಾಲೊಂದು ಮೂರನೆಯ ಕಾಲಂ ಆರಿಸಿಕೊಂಡು ಅದರ ಪ್ರಕಾರ ಸ್ಥಾನ ಕೊಡಲು ಹೇಳುತ್ತಿತ್ತು. ಮೊದಲೆಲ್ಲ ಕಾಲಂಗಳ ಕ್ರಮ ಹೆಸರು, ಎತ್ತರ, ಓಟ. ಈ ವರ್ಷ ಹೆಸರಿನ ಪಕ್ಕದಲ್ಲಿ ಬಣ್ಣದ ಕಾಲಂ ಬಂದು ಕೂತಿತ್ತು. ಹಾಗಾಗಿ ಮೂರನೆಯದು ಎತ್ತರ. ಗಿಡ್ಡ ಕೊಕ್‌ಜಾಲ್ ತಳಕ್ಕೆ ಬಿದ್ದು, ಎತ್ತರದ ಮಿಶ್ರತಳಿಯೊಂದು ಮೇಲೇರಿತ್ತು. ಅದರ ಯಜಮಾನ ಮುರ್ಜಾಬೆಕ್, ಜೊಲ್ದೋಶನ ತಂದೆ.

ಕಚ್ಕಿನ್‌ನ ತಲೆಗೆ ಇದು ಹತ್ತಲಿಲ್ಲ.

"ಮದುವೆ ಊಟದಲ್ಲಿ ಮರ್ಯಾದೆಯ ಕುರಿತಲೆ ಮೂರನೇ ಜಾಗದವರಿಗೆ ಕೊಡು ಅಂತ ಹೇಳಿದ್ದಾರೆ ಅಂತಿಟ್ಕೊ," ಎಂದಳು ಬುರುಲ್. "ಅಷ್ಟರಲ್ಲಿ ಹೊಸ ನೆಂಟ ಬಂದು ನಡುವೆ ಕೂತ, ಎಲ್ಲರೂ ಸರಿದ್ರು. ತಲೆ ಯಾರಿಗೆ ಹೋಯ್ತು?"

"ಪಕ್ಕದವನಿಗೆ. ಅಕ್ಕ, ಅದರಿಂದ ಮದುವೆಗಳೇ ಮುರಿದಿವೆ."

"ಹೆಸರು ಹಿಡಿದು ಕೊಡು ಅಂದಿದ್ರೆ ಮುರೀತಿರಲಿಲ್ಲ."

'ಓಟ' ಎಂದು ಹೆಸರು ಹಿಡಿದೇ ಆ ಕಾಲಂ ಆರಿಸಿದಾಗ ಕೊಕ್‌ಜಾಲ್ ಮೊದಲ ಸ್ಥಾನಕ್ಕೆ ಬಂತು. ಆದರೂ ಕುದುರೆ ಪಾರಾಗಲಿಲ್ಲ. ಕಣ್ತಪ್ಪಿನಿಂದ ಆದದ್ದಾದರೆ ಪಟ್ಟಿ ತಿದ್ದುವುದು ಮುಂದಿನ ವರ್ಷ. ಮೋಸವೆಂದು ಸಾಬೀತಾದರೆ ಮಾತ್ರ ತಕ್ಷಣ ರದ್ದು. ಸರ್ಕಾರಿ ನಿಯಮಕ್ಕೆ ಕುದುರೆಯ ಅವಸರ ತಿಳಿಯದು.

ಸಂಜೆ ಜೊಲ್ದೋಶನನ್ನು ಠಾಣೆಗೆ ಕರೆಸಲಾಯಿತು.

"ಬಣ್ಣದ ಕಾಲಂ ಸೇರಿಸಿದ್ದು ಯಾರು?"

"ನಾನೇ."

"ಕೊನೆಗೆ ಸೇರಿಸಬಹುದಿತ್ತಲ್ಲ?"

"ನಮ್ಮಲ್ಲಿ ಕುದುರೆ ಹೆಸರಿನ ಬೆನ್ನಿಗೇ ಬಣ್ಣ ಹೇಳದವರು ಯಾರಿದ್ದಾರೆ?"

ಬುರುಲ್ ಕಾಗದ ಎಳೆದುಕೊಂಡಳು. ಪಂಚರ ಎದುರು ಪಂಚನಾಮೆ ಬರೆದು ಗಟ್ಟಿಯಾಗಿ ಓದಿದಳು: ಕೆಲಸ ಬಾರದ ನೌಕರನಿಂದ ಆದ ತಪ್ಪು, ಸ್ಥಾನ ನೋಡಿ ಕಾಲಂ ಆರಿಸಿದರೆ ಹೀಗಾಗುತ್ತದೆಂಬುದು ಈತನಿಗೆ ತಿಳಿದಿರಲಿಲ್ಲ. ಪೆನ್ನು ಅವನ ಕಡೆ ಸರಿಸಿದಳು.

ಸಹಿ ಹಾಕಿದ್ದರೆ ಮನೆಗೆ ಹೋಗಬಹುದಿತ್ತು. ಜೊಲ್ದೋಶನ ಕಿವಿಗಳು ಕೆಂಪಾದವು.

"ಇದು ಮೊದಲ ವಾರ ಕಲಿಯೋ ಪಾಠ. ನನಗೆ ಗೊತ್ತಿರಲಿಲ್ಲ ಅಂತ ಬರೀತೀರಾ?"

"ಗೊತ್ತಿತ್ತಾ?"

"ಗೊತ್ತಿದ್ದೇ ಮಾಡ್ದೆ." ಅವನು ತಲೆ ತಗ್ಗಿಸಲಿಲ್ಲ. "ಅದನ್ನೇ ಬರೀರಿ."

ಬಂಧನವಾಯಿತು, ಪಟ್ಟಿ ರದ್ದಾಯಿತು, ವೈದ್ಯರಿಗೆ ಬರಬೇಡಿರೆಂದು ಫೋನ್ ಹೋಯಿತು. ಉದ್ದೇಶದ ಬಗ್ಗೆ ಅವನ ಹೇಳಿಕೆ ಚಿಕ್ಕದು: ಅಪ್ಪನ ಎತ್ತರದ ಕುದುರೆಗಳನ್ನು ಊರಿನವರು ಪೇಟೆ ಒಂಟೆಗಳೆಂದು ಆಡಿಕೊಳ್ಳುತ್ತಿದ್ದರು, ಅವರ ಬಾಯಿ ಒಮ್ಮೆ ಮುಚ್ಚಿಸಬೇಕಿತ್ತು.

ಮರುದಿನ ಮುರ್ಜಾಬೆಕ್ ಮಗನಿಗೆ ರೊಟ್ಟಿ ತಂದ. ನಡೆದದ್ದನ್ನೆಲ್ಲ ಟೋಪಿ ಬಿಗಿಹಿಡಿದು ಕೇಳಿದ.

"ಹೋದ ವರ್ಷವೇ ನಮ್ಮ ಎರಡು ಹೆಣ್ಣುಕುದುರೆ ಮರಿಗೆಂದು ಕೊಕ್‌ಜಾಲ್ ಹತ್ತಿರ ಬಿಟ್ಟಿದ್ದೆ," ಎಂದ. "ಅದಕ್ಕಿಂತ ಒಳ್ಳೆಯದು ಈ ಸೀಮೆಯಲ್ಲಿಲ್ಲ. ಅವನು ನನ್ನ ಕೇಳಿದ್ರೆ ಹೇಳ್ತಿದ್ದೆ."